ಹಗೇವಿನೊಳಗೆ ನಾಲ್ಕು ದಿನ

ಬಲೂನು ಹಾರಿಸುವ ಕೆಲಸಕ್ಕೆ ನನ್ನನ್ನು ಸೇರಿಸಿಕೊಂಡಾಗ ನನಗೆ ಇಪ್ಪತ್ತೆರಡು ವರ್ಷ. ಏಳನೇ ಕ್ಲಾಸಿನ ಅರ್ಧಕ್ಕೆ ಶಾಲೆ ಬಿಟ್ಟವನು. ತಮಿಳು, ಕನ್ನಡ ಎರಡೂ ಮಾತಾಡುತ್ತೇನೆ, ಸೈಕಲ್ ತುಳಿಯುತ್ತೇನೆ, ಗಡಿಯಲ್ಲಿರುವ ನಮ್ಮ ತಾಳವಾಡಿ ಸುತ್ತಿನ ಎಲ್ಲ ಊರಲ್ಲೂ ನಮ್ಮ ನೆಂಟರಿದ್ದಾರೆ. ಅಷ್ಟು ಸಾಕು ಎಂದರು ಸಾರ್.

ಸಾರ್ ಎಂದರೆ ಮೈಸೂರು ಕಡೆಯಿಂದ ಬಂದಿದ್ದ ವಿಜ್ಞಾನಿ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು. ನಕ್ಷತ್ರಗಳ ಕಡೆಯಿಂದ ಎಂಥವೋ ಕಣಗಳು ಹಗಲೂ ರಾತ್ರಿ ನಮ್ಮ ಮೇಲೆ ಸುರಿಯುತ್ತಿರುತ್ತವಂತೆ. ಕೆಳಗೆ ಬರುವಷ್ಟರಲ್ಲಿ ಗಾಳಿಗೆ ತಗುಲಿ ಪುಡಿಯಾಗುತ್ತವೆ. ಅವನ್ನು ಇಡಿಯಾಗಿ ಹಿಡಿಯಬೇಕೆಂದರೆ ಗಾಳಿ ತೀರಾ ತೆಳುವಾಗುವಷ್ಟು ಮೇಲಕ್ಕೆ ಹೋಗಬೇಕು. ರಾಕೆಟ್ ಬಿಡುವವರ ಹತ್ತಿರ ಸರ್ಕಾರದ ದುಡ್ಡಿತ್ತು. ಸಾರ್ ಹತ್ತಿರ ರಬ್ಬರ್ ಬಲೂನುಗಳಿದ್ದವು. ಒಂದರ ಕೆಳಗೊಂದು ಹನ್ನೆರಡು ಬಲೂನು ಕಟ್ಟಿ, ಅದರ ಕೆಳಗೆ ಒಂದು ಪೆಟ್ಟಿಗೆ ತೂಗುಬಿಟ್ಟು ಬೆಳಗ್ಗೆ ಗಾಳಿ ಏಳುವ ಮೊದಲು ಹಾರಿಸುತ್ತಿದ್ದರು. ಪೆಟ್ಟಿಗೆಯೊಳಗೆ ಫೋಟೋ ತೆಗೆಯುವ ಪ್ಲೇಟಿನಂಥ ಗಾಜಿನ ಪ್ಲೇಟುಗಳು. ಕಣ ಹಾದುಹೋದರೆ ಅದರಲ್ಲಿ ಗೀಟು ಬೀಳುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಔಷಧಿಯಲ್ಲಿ ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಗೀಟು ಎಷ್ಟು ದಪ್ಪ ಎನ್ನುವುದರ ಮೇಲೆ ಅದು ಎಂಥ ಕಣ ಎಂದು ಹೇಳುತ್ತಾರೆ. ನನಗೆ ಅರ್ಥವಾಗಿದ್ದು ಇಷ್ಟೇ.

ಉಳಿದದ್ದೆಲ್ಲ ನಮ್ಮೂರ ಸಾಮಾನು. ಪ್ಯಾರಾಚೂಟ್ ಹೊಲಿದದ್ದು ತಾಳವಾಡಿಯ ಟೈಲರ್. ಬಲೂನಿನ ಹಗ್ಗ ಕತ್ತರಿಸಿ ಪೆಟ್ಟಿಗೆ ಬೀಳಿಸುತ್ತಿದ್ದದ್ದು ಅಲಾರಂ ಗಡಿಯಾರಕ್ಕೆ ಕಟ್ಟಿದ ಬ್ಲೇಡು. ಮೇಲಿನ ಚಳಿಗೆ ಪೆಟ್ಟಿಗೆಗೆ ಸುತ್ತಿದ್ದು ಕುರುಬರ ಕಂಬಳಿ. ಬಲೂನು ಹಿಡಿಯಲು ಕೂಲಿಯಾಳು, ಗ್ಯಾಸಿನ ಸಿಲಿಂಡರ್ ಹೊರಲು ಎತ್ತಿನ ಗಾಡಿ, ಪೆಟ್ಟಿಗೆ ಎಲ್ಲಿ ಬಿದ್ದರೂ ಸುದ್ದಿ ಮುಟ್ಟಿಸಲು ಊರೂರಿನಲ್ಲಿ ಜನ. ಇದನ್ನೆಲ್ಲ ಜೋಡಿಸುವವನು ನಾನು. ಸಾರ್ ನನ್ನನ್ನು ಮ್ಯಾನೇಜರ್ ಎಂದು ಕರೆಯುತ್ತಿದ್ದರು. ತಮಾಷೆಗೋ ನಿಜಕ್ಕೋ ಗೊತ್ತಿಲ್ಲ, ನಾನು ನಿಜಕ್ಕೇ ಎಂದುಕೊಂಡೆ.

ಮೊದಲನೇ ಪೆಟ್ಟಿಗೆ ಕಾಡಿಗೆ ಬಿದ್ದು ಸಿಗಲೇ ಇಲ್ಲ. ಎರಡನೇ ಸಲ ಬಲೂನುಗಳು ಅರ್ಧ ದಾರಿಯಲ್ಲೇ ಒಡೆದವು. ಮೂರನೆಯದೇ ಕೊನೆ, ಬೇರೆ ಪ್ಲೇಟು ತರಿಸುವ ದಾರಿ ಇರಲಿಲ್ಲ. ಹಾರಿಸುವ ಹಿಂದಿನ ದಿನ ಸಾರ್ ನನ್ನನ್ನು ಕೂರಿಸಿಕೊಂಡು ಹೇಳಿದರು.

"ನೋಡಪ್ಪ, ಪೆಟ್ಟಿಗೆ ಸಿಕ್ಕಿದ ಮೇಲೆ ಮೂರೇ ಮಾತು. ಕತ್ತಲು, ತಂಪು, ಒಣ. ಬೆಳಕು ಬಿದ್ದರೆ ಪ್ಲೇಟು ಹೋಯ್ತು. ಒದ್ದೆಯಾದರೂ ಬೆಚ್ಚಗಾದರೂ ಒಳಗಿನ ಗೀಟು ಮಾಸಿಹೋಗುತ್ತೆ. ಆರು ವರ್ಷದ ಕೆಲಸ ಇದು. ಈ ಸಲ ಬರಿಗೈಯಲ್ಲಿ ಹೋದರೆ ಇನ್ನೊಂದು ಸಲ ಹಾರಿಸು ಅಂತ ನನಗೆ ಯಾರೂ ಹೇಳೋಲ್ಲ."

ಶನಿವಾರ ಬೆಳಗ್ಗೆ ಹಾರಿಸಿದೆವು. ಸಂಕ್ರಾಂತಿ ಕಳೆದು ರಾಗಿ ಬಡಿಯುವ ಕಾಲ. ಬಲೂನು ಮೋಡದೊಳಗೆ ಮರೆಯಾದಾಗ ಚಾಮರಾಜನಗರದ ಕಡೆ ಹೋಗುತ್ತಿದ್ದ ಹಾಗೆ ಕಂಡಿತು. ಸಾರ್ ಬಸ್ ಹತ್ತಿ ಆ ಕಡೆ ಹುಡುಕಲು ಹೋದರು. ನಾನು ಈ ಕಡೆಯ ಊರುಗಳಿಗೆ ಸೈಕಲ್ ತುಳಿದೆ. ಮಧ್ಯಾಹ್ನ ನಮ್ಮೂರು ತಿಗನಾರೆಯ ಕಾಡಂಚಿನ ಹೊಲದಲ್ಲಿ ಪೆಟ್ಟಿಗೆ ಸಿಕ್ಕಿತು. ದನ ಮೇಯಿಸುವವನೊಬ್ಬ ಪ್ಯಾರಾಚೂಟಿನ ಹಗ್ಗದಿಂದಲೇ ಅದನ್ನು ಹುಣಸೆ ಮರಕ್ಕೆ ಬಿಗಿದು, ಕಾವಲು ಕೂತಿದ್ದ.

"ಯಾಕಣ್ಣ ಕಟ್ಟಾಕಿದ್ದಯ್ಯೆ?" ಎಂದು ಕೇಳಿದೆ.

"ಮತ್ತ ಹಾರೋದ್ರ ನಿಮ್ ಸಾರು ಬಂದು ಇಡ್ಕೊಂಡಾರ?" ಎಂದ. "ಒಂದ್ಸಲ ಹಾರಿದ್ದು ಇನ್ನೊಂದ್ಸಲ ಹಾರ್ದೆ ಇದ್ದದ?"

ಕಂಬಳಿ, ಥರ್ಮೋಕೋಲ್ ಎಲ್ಲ ಹರಿದು ಚೂರಾಗಿತ್ತು. ಒಳಗಿನ ತಗಡಿನ ಡಬ್ಬಿ ಮಾತ್ರ ನೆಟ್ಟಗಿತ್ತು. ಸುತ್ತ ಅಂಟಿಸಿದ್ದ ಕಪ್ಪು ಟೇಪು ಎಲ್ಲೂ ಬಿಟ್ಟಿರಲಿಲ್ಲ. ಡಬ್ಬಿಯನ್ನು ಗೋಣಿಚೀಲದಲ್ಲಿ ಸುತ್ತಿ ತಾಳವಾಡಿಗೆ ತಂದೆ. ಚಾಮರಾಜನಗರದಲ್ಲಿ ಸಾರ್ ಇಳಿದುಕೊಳ್ಳುವ ಲಾಡ್ಜಿಗೆ ಬಸ್ಸಿನ ಕಂಡಕ್ಟರ್ ಕೈಲಿ ಚೀಟಿ ಕಳಿಸಿದೆ. ಅವರು ಲಾಡ್ಜ್ ಬಿಟ್ಟು ಹಳ್ಳಿ ಹಳ್ಳಿ ಸುತ್ತಲು ಹೊರಟಾಗಿತ್ತು. ಆ ಚೀಟಿ ಅವರ ಕೈಸೇರಿದ್ದು ಗುರುವಾರ.

ನಮ್ಮ ಕ್ಯಾಂಪು ಎಂದರೆ ಊರಾಚೆಯ ಒಂದು ತಗಡಿನ ಶೆಡ್ಡು. ಒಳಗೆ ಸೀಮೆಎಣ್ಣೆಯಲ್ಲಿ ನಡೆಯುವ ಹಳೇ ಫ್ರಿಜ್ಜು. ಬಾಗಿಲು ತೆಗೆದು ಕೈ ಹಾಕಿದೆ. ಹೊರಗಿಗಿಂತ ಒಳಗೇ ಸೆಕೆ. ತಳದ ದೀಪ ಉರಿಯುತ್ತಿತ್ತು, ತಂಪು ಮಾತ್ರ ಇಲ್ಲ. ಬಿಸಿಲು ಏರಿದರೆ ಶೆಡ್ಡೇ ರೊಟ್ಟಿ ಹೆಂಚು. ಒದ್ದೆ ಮರಳಲ್ಲಿ ಇಡೋಣ ಎಂದರೆ ಒಣ ಇರಬೇಕು ಎಂದಿದ್ದಾರೆ. ಗುಡಿಯಲ್ಲಿ ಇಡೋಣ ಎಂದರೆ ಯಾರಾದರೂ ತೆಗೆದು ನೋಡುತ್ತಾರೆ. ಆ ರಾತ್ರಿ ಡಬ್ಬಿ ಪಕ್ಕದಲ್ಲೇ ಮಲಗಿ ಯೋಚಿಸಿದೆ. ಕತ್ತಲು, ತಂಪು, ಒಣ. ಮೂರೂ ಇರುವ ಜಾಗ ನಮ್ಮ ಕಡೆ ಒಂದೇ. ಹಗೇವು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಗೇವು ಎಂದರೆ ರಾಗಿ ತುಂಬುವ ನೆಲದೊಳಗಿನ ಗುಂಡಿ. ಬಾಯಿ ಕಿರಿದು, ಒಬ್ಬ ಮನುಷ್ಯ ಇಳಿಯುವಷ್ಟು. ಹೊಟ್ಟೆ ಅಗಲ. ಸುತ್ತ ಹುಲ್ಲು ಹಾಸಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಕಲ್ಲಿಟ್ಟು ಮಣ್ಣು ಮೆತ್ತುತ್ತಾರೆ. ನೀರು ಹೋಗದು, ಹುಳ ಹೋಗದು. ವರ್ಷಗಟ್ಟಲೆ ರಾಗಿ ಹಾಗೇ ಇರುತ್ತದೆ. ಹಗೇವಿನಲ್ಲಿ ಇಟ್ಟದ್ದು ಕೆಡುತ್ತದೆ ಎಂದು ನಮ್ಮೂರಲ್ಲಿ ಯಾರಾದರೂ ಅಂದರೆ ಅವನ ತಲೆ ಕೆಟ್ಟಿದೆ ಎನ್ನುತ್ತಾರೆ.

ಭಾನುವಾರ ತಿಗನಾರೆಯಲ್ಲಿ ದೊಡ್ಡಪ್ಪನ ಹಗೇವು ತುಂಬುವ ಕೆಲಸ. ಒಕ್ಕಣೆಯ ಕಣದಲ್ಲಿ ಒಣಗಿದ ರಾಗಿಯನ್ನು ಮಧ್ಯಾಹ್ನದ ಬಿಸಿಲಲ್ಲೇ ಹೊತ್ತು ತಂದು ಸುರಿಯುತ್ತಿದ್ದರು. ನಾನೂ ಹತ್ತಿಪ್ಪತ್ತು ಚೀಲ ಹೊತ್ತೆ. ಮುಕ್ಕಾಲು ತುಂಬಿ ಹೊರುವ ರಾಗಿ ಮುಗಿದಾಗ ದೊಡ್ಡಪ್ಪನಿಗೆ ಡಬ್ಬಿ ತೋರಿಸಿದೆ.

"ಯಾನ್ಲಾ ಅದು?"

"ಗಾಜಿನ ಪ್ಲೇಟು ದೊಡ್ಡಪ್ಪ. ಆಕಾಸುಕ್ಕೋಗಿ ಬಂದವ. ಸಾರು ಬರಗಂಟ ಕೆಡ್ದಂಗ ಮಡಗಬೇಕು."

"ಅಗೇವ್ಲಿ ಮಡಗಿದ್ದು ಯಾವತ್ತು ಕೆಟ್ಟದ್ಲಾ? ನಮ್ಮಪ್ಪ ತುಂಬಿದ್ ರಾಗಿನ ನಾನು ಮುದ್ದ ಮಾಡ್ಸಿ ಉಂಡಿವ್ನಿ. ಮಡಗು ಮಡಗು. ತಗಿವಾಗ ಮಾತ್ರ ಅವಸ್ರ ಮಾಡ್ಬೇಡ."

ಸಾರ್ ಬಂದ ಮೇಲೆ ಬಾಯಿ ಬಿಚ್ಚಿ ತೆಗೆದುಕೊಂಡರಾಯಿತು, ಅದೇನು ಮಹಾ ಎಂದುಕೊಂಡೆ. ನಾನೇ ಒಳಗಿಳಿದೆ. ರಾಗಿಯಲ್ಲಿ ಮೊಣಕೈ ಆಳ ತೋಡಿ ಡಬ್ಬಿ ಹೂತು, ಮೇಲೆ ರಾಗಿ ಎಳೆದು ಬಂದೆ. ಕಲ್ಲು ಮುಚ್ಚಿ ಮಣ್ಣು ಮೆತ್ತಿದರು. ಮೂರು ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಸೋಮವಾರ ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ರಾಗಿ ಚೀಲದ ಮೇಲೆ ಕೂತಿದ್ದೆ. ದೊಡ್ಡಪ್ಪ ಅದೇ ಕಣದಿಂದ ಕೊಟ್ಟ ಚೀಲ. ಬಾಯಿ ಕಟ್ಟಿರಲಿಲ್ಲ. ಸುಮ್ಮನೆ ಕೈ ಹಾಕಿ ರಾಗಿ ತಿರುವುತ್ತಿದ್ದೆ. ಮೇಲೆ ತಣ್ಣಗಿತ್ತು. ಕೈ ಇಳಿದ ಹಾಗೆ ಬೆಚ್ಚಗಾಯಿತು. ಮೊಣಕೈ ಮಟ್ಟಕ್ಕೆ ಹೋದಾಗ ಕಾವು ಕೂತ ಕೋಳಿಯ ಹೊಟ್ಟೆ ಕೆಳಗೆ ಕೈ ಇಟ್ಟ ಹಾಗಿತ್ತು.

ಹಿಂದಿನ ದಿನ ಚೀಲ ಹೊತ್ತಾಗ ಕತ್ತು ಸುಟ್ಟದ್ದು ಆಗ ನೆನಪಾಯಿತು. ಬಿಸಿಲು ಕುಡಿದ ರಾಗಿ. ಒಂದು ಚೀಲವೇ ಒಂದು ದಿನ ಬಿಸಿ ಹಿಡಿದುಕೊಂಡರೆ, ಗುಂಡಿ ತುಂಬ ರಾಗಿ, ಮೇಲೆ ಕಲ್ಲು, ಮಣ್ಣು. ಅದು ಹದಿನೈದು ದಿನಕ್ಕೂ ಆರುವುದಿಲ್ಲ. ರಾಗಿಗೆ ಬಿಸಿ ಒಳ್ಳೆಯದು. ಪ್ಲೇಟಿಗೆ? ನಾನು ಆರು ವರ್ಷದ ಕೆಲಸವನ್ನು ತಂದು ಒಲೆಯೊಳಗೆ ಹೂತಿದ್ದೆ.

ಓಡಿಹೋಗಿ ದೊಡ್ಡಪ್ಪನ ಮುಂದೆ ನಿಂತೆ. ಅವರು ಜಗಲಿ ಮೇಲೆ ಎಲೆಗೆ ಸುಣ್ಣ ಸವರುತ್ತಿದ್ದರು.

"ಅಗೇವು ತಗಿಬೇಕು ದೊಡ್ಡಪ್ಪ. ಈಗ್ಲೇ."

"ನಿನ್ನ ಮುಚ್ಚಿದ್ದ ಇವತ್ತು ತಗಿಯಕ್ಕ ಅದೇನು ನಶ್ಯದ ಡಬ್ಬಿನೇನ್ಲಾ?"

"ರಾಗಿ ಕಾದದ. ಪ್ಲೇಟು ಕೆಡ್ತವ."

"ನಾನೇ ಕೇಳ್ದೆ ತಾನೆ, ಯಾನು ಅಂತ. ಗಾಜು ಅಂದೆ. ಗಾಜು ಕೆಡ್ತದ?" ಎಲೆ ಬಾಯಿಗಿಟ್ಟುಕೊಂಡರು. "ಒಂದ್ಸಲ ಬಾಯಿ ತಗದ್ರ ಅಷ್ಟು ರಾಗಿನೂ ಮ್ಯಾಕ್ಕ ಎತ್ಬೇಕು. ಮತ್ತ ಒಣಗಸ್ಬೇಕು. ಅದ್ರ ಮ್ಯಾಲ ನಾಳ ಮಂಗಳ್ವಾರ. ಮಂಗಳ್ವಾರ ಲಕ್ಷ್ಮಿನ ಮನ ಆಚ್ಗ ಎತ್ತಾಕಕ್ಕ ನಾನೇನು ಉಚ್ಚನ?"

ಒಳಗಿಂದ ದೊಡ್ಡವ್ವ ಬಂದರು. ನನ್ನ ಮುಖ ನೋಡಿದರು. "ಯಾರಾದ್ರೂ ಸತ್ತೋದ್ರಾ ಮಗ?" ಎಂದು ಕೇಳಿದರು. ಇಲ್ಲ ಎಂದೆ. "ಮತ್ಯಾಕ ಇಂಗ್ ನಿಂತಿದ್ದಯ್ಯೆ?" ನಾನು ಎಲ್ಲ ಹೇಳಿದೆ. ಅವರು ದೊಡ್ಡಪ್ಪನ ಕಡೆ ತಿರುಗಿ, "ಬುಧ್ವಾರ ತಗ್ದುಕೊಡಿ. ನಿಮ್ ರಾಗಿನ ನಾನ್ ಒಣಗಿಸ್ತೀನಿ," ಎಂದು ಒಳಗೆ ಹೋದರು. ದೊಡ್ಡಪ್ಪ ಇನ್ನೊಂದು ಎಲೆಗೆ ಸುಣ್ಣ ಸವರಿದರು. ಅಂದರೆ ಒಪ್ಪಿದ ಹಾಗೆ.

ಮಂಗಳವಾರ ಇಡೀ ಹಗೇವಿನ ಕಲ್ಲಿನ ಪಕ್ಕ ಸುಳಿದಾಡಿದೆ. ಕೆಳಗೆ ಗೀಟುಗಳು ಒಂದೊಂದಾಗಿ ಮಾಸುತ್ತಿವೆ ಎನಿಸುತ್ತಿತ್ತು. ಮೆತ್ತಿದ ಮಣ್ಣಿಗೆ ಬಿಸಿಲು ಬೀಳದಿರಲಿ ಎಂದು ಮೇಲೆ ಸೋಗೆ ಹಾಸಿದೆ. ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿತ್ತು. ಸತ್ಯಮಂಗಲದ ಬಸ್ಸು, ಚಾಮರಾಜನಗರದ ಬಸ್ಸು ಬರುವ ಹೊತ್ತಿಗೆ ತಾಳವಾಡಿಗೆ ಸೈಕಲ್ ತುಳಿಯುವುದು, ಸಾರ್ ಇಳಿಯಲಿಲ್ಲ ಎಂದು ನೋಡಿಕೊಂಡು ವಾಪಸ್ಸು ಬರುವುದು. ಬರಲಿ ಎಂದೂ ಅನಿಸುತ್ತಿತ್ತು. ಬರದಿರಲಿ ಎಂದೂ ಅನಿಸುತ್ತಿತ್ತು.

ಬುಧವಾರ ಕಲ್ಲು ಸರಿಸಿದರು. ಮುಚ್ಚಿದ ಹಗೇವಿನೊಳಗೆ ಕೆಟ್ಟ ಗಾಳಿ ಕೂತಿರುತ್ತದೆ. ಹಾಸಿದ ಹುಲ್ಲು ಸ್ವಲ್ಪ ಹಸಿ ಇದ್ದರೂ ಸಾಕು. ಇಳಿದವನು ಕೂಗಲೂ ಆಗದೆ ಬೀಳುತ್ತಾನೆ. ದೊಡ್ಡಪ್ಪ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟರು. ಒಂದೆರಡು ಮೊಳ ಇಳಿಯುವಷ್ಟರಲ್ಲಿ ದೀಪ ಸಣ್ಣಗಾಗಿ ಆರಿತು. ನಾನು ಪಂಚೆ ಎತ್ತಿ ಕಟ್ಟಿದ್ದೆ.

"ಉಸ್ರು ಬಿಗಿ ಇಡ್ಕೊಂಡು ಇಳ್ದು ಬತ್ತೀನಿ ದೊಡ್ಡಪ್ಪ. ಎಲ್ಲದ ಅಂತ ಗೊತ್ತು."

ಅವರು ನನ್ನ ಕತ್ತಿನ ಹಿಂದೆ ಅಂಗಿ ಹಿಡಿದು ಎಳೆದು ಕೂರಿಸಿದರು. "ನಿಮ್ಮವ್ವುಂಗ ನಾನ್ ಯಾನ್ ಯೋಳ್ಲಿ? ಡಬ್ಬಿ ಬಂತು, ಮಗ ಅಲ್ಲೇ ಅವ್ನ ಅಂತ್ಲಾ?"

ಹೊಂಗೆ ಕೊಂಬೆ ಕಟ್ಟಿ ಇಳಿಸಿ ಮೇಲೆ ಕೆಳಗೆ ಎಳೆದಾಡಿದೆವು, ಗಾಳಿ ಕಲಕಲಿ ಎಂದು. ಸಂಜೆ ಮತ್ತೆ ದೀಪ ಬಿಟ್ಟರು. ಮತ್ತೆ ಆರಿತು. ಗುರುವಾರ ಬೆಳಗ್ಗೆ ಬಿಟ್ಟಾಗ ರಾಗಿ ಮುಟ್ಟಿದರೂ ಉರಿಯುತ್ತಿತ್ತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದೆ. ರಾಗಿ ಕಾಲಿಗೆ ಬೆಚ್ಚಗೆ ತಾಗಿತು. ಡಬ್ಬಿ ಸಿಕ್ಕಿತು. ತಗಡು ಎಷ್ಟು ಬೆಚ್ಚಗಿತ್ತೆಂದರೆ, ಜ್ವರ ಬಂದ ಮಗುವಿನ ಹಣೆಯಷ್ಟು. ಮೇಲೆ ತಂದು, ತಾಳವಾಡಿಗೆ ಒಯ್ದು, ಶೆಡ್ಡಿನ ಹಿಂದಿನ ಹುಣಸೆ ನೆರಳಲ್ಲಿ ಕಂಬಳಿ ಸುತ್ತಿ ಇಟ್ಟೆ. ರಾತ್ರಿಯ ಚಳಿಗೆ ಅದು ತಣ್ಣಗಾಯಿತು.

ಶುಕ್ರವಾರ ಬೆಳಗಿನ ಬಸ್ಸಿಗೆ ಸಾರ್ ಬಂದರು. ಗಡ್ಡ ಬೆಳೆದಿತ್ತು, ಚಪ್ಪಲಿ ಕಿತ್ತಿತ್ತು. ಡಬ್ಬಿ ನೋಡಿದ ಕೂಡಲೇ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಟೇಪಿನ ಮೇಲೆ ಬೆರಳಾಡಿಸಿ ಸುತ್ತಲೂ ನೋಡಿದರು. ತಗಡು ಮುಟ್ಟಿದರು.

"ತಣ್ಣಗಿದೆ," ಎಂದರು. "ಮ್ಯಾನೇಜರ್ ಅಂದರೆ ಮ್ಯಾನೇಜರೇ ಕಣಯ್ಯ. ಎಲ್ಲಿಟ್ಟಿದ್ದೆ ಇಷ್ಟು ದಿನ?"

"ಇಲ್ಲೇ ಸಾರ್. ನೆರಳಲ್ಲಿ."

ಅವರು ಪುಸ್ತಕ ತೆಗೆದು ಅದನ್ನೇ ಬರೆದುಕೊಂಡರು. ನೆರಳಲ್ಲಿ, ಆರು ದಿನ.

ಸುಳ್ಳು ಹೇಳಿದ್ದು ಬೈಯುತ್ತಾರೆ ಎಂಬ ಭಯದಿಂದಲ್ಲ. ಆ ಮುಖ ನೋಡಿ ಹೇಳಿದೆ. ಆದರೆ ಅಂದು ಮಧ್ಯಾಹ್ನ ಉಪ್ಪಿಟ್ಟು ತಿನ್ನುತ್ತಾ ಸಾರ್ ಮಾತಾಡುತ್ತಲೇ ಇದ್ದರು. ಹೊಸ ಹುರುಪು. ಕಬ್ಬಿಣದಂಥ ಭಾರದ ಕಣ ಬಂದರೆ ದಪ್ಪ ಗೀಟು, ಹಗುರದ್ದು ಬಂದರೆ ತೆಳು ಗೀಟು, ಆಕಾಶದಿಂದ ಯಾವುದು ಎಷ್ಟು ಬರುತ್ತದೆ ಎಂದು ಎಣಿಸಿ ಜಗತ್ತಿಗೆ ಹೇಳಬಹುದು ಎಂದರು. ನಾನು ಉಪ್ಪಿಟ್ಟು ಕೆಳಗಿಟ್ಟೆ. ಬಿಸಿಗೆ ದಪ್ಪ ಗೀಟು ಮಾಸಿ ತೆಳುವಾಗಿದ್ದರೆ ಇವರು ಅದನ್ನು ಹಗುರದ ಕಣ ಎಂದು ಬರೆಯುತ್ತಾರೆ. ನಮ್ಮ ದೊಡ್ಡಪ್ಪನ ರಾಗಿ ಮಾಡಿದ ಕೆಲಸವನ್ನು ನಕ್ಷತ್ರ ಮಾಡಿದ್ದು ಎಂದು ಬರೆಯುತ್ತಾರೆ. ಅದು ಪುಸ್ತಕದಲ್ಲಿ ಅಚ್ಚಾಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಸಾರ್‌ಗೂ.

ಶನಿವಾರ ಬೆಳಗ್ಗೆ ಅವರು ಹಲ್ಲುಜ್ಜುತ್ತಿದ್ದಾಗ ಹೇಳಿದೆ. ಸುತ್ತಿ ಬಳಸಿ ಮಾತಾಡಲಿಲ್ಲ.

"ಸಾರ್, ನೆರಳಲ್ಲಿ ಇದ್ದದ್ದು ಒಂದೇ ದಿನ. ನಾಲ್ಕು ದಿನ ಬಿಸಿ ರಾಗಿಯೊಳಗಿತ್ತು. ನಾನೇ ಹೂತಿದ್ದು. ನಿನ್ನೆ ಸುಳ್ಳು ಹೇಳಿದೆ."

ಬಾಯಲ್ಲಿದ್ದ ನೀರು ಉಗಿದರು. ಶೆಡ್ಡಿನ ಗೋಡೆಗೆ ಒರಗಿ ಕೂತರು. ಮನೆಗೆ ಹೋಗು ಎನ್ನುತ್ತಾರೆ ಎಂದು ಕಾದೆ. ಅವರು ಕೇಳಿದ್ದು ಬೇರೆ.

"ಎಷ್ಟು ಬಿಸಿ?"

"ಜ್ವರ ಬಂದ ಮೈಯಷ್ಟು."

"ಎಷ್ಟು ಆಳದಲ್ಲಿ?"

"ಮೊಣಕೈ ಆಳ."

"ಆ ರಾಗಿ ಈಗ ಎಲ್ಲಿದೆ?"

"ಕಣದಲ್ಲಿ ಮತ್ತೆ ಒಣಗುತ್ತಿದೆ ಸಾರ್. ನಾಳೆ ತುಂಬುತ್ತಾರೆ."

ಎದ್ದರು. ತಮ್ಮ ಟ್ರಂಕಿನಿಂದ ಕಪ್ಪು ಕಾಗದ ಸುತ್ತಿದ ನಾಲ್ಕು ಪ್ಲೇಟು ತೆಗೆದರು. ಹೋಲಿಸಿ ನೋಡಲೆಂದು ಹಾರಿಸದೆ ಉಳಿಸಿಕೊಂಡಿದ್ದವು. ಅವರ ಹತ್ತಿರ ಅಂಗಿ ಗುಂಡಿಯಷ್ಟು ಚಿಕ್ಕ ವಸ್ತು ಒಂದಿತ್ತು, ಸೀಸದ ಡಬ್ಬಿಯಲ್ಲಿ ಇಡುತ್ತಿದ್ದರು. ಅದೂ ಕಣ ಉಗುಳುವಂಥದ್ದೇ, ಹತ್ತಿರ ಹಿಡಿದರೆ ಪ್ಲೇಟಿನಲ್ಲಿ ಗೀಟು ಬೀಳುತ್ತದೆ. ಶೆಡ್ಡಿನ ಮೂಲೆಯ ಕತ್ತಲ ಕೋಣೆಯಲ್ಲಿ ನಾಲ್ಕಕ್ಕೂ ಒಂದೇ ಸಮ ಗೀಟು ಬೀಳಿಸಿ, ಎರಡನ್ನು ಒಂದು ಡಬ್ಬಿಗೆ, ಎರಡನ್ನು ಇನ್ನೊಂದಕ್ಕೆ ಹಾಕಿ ಟೇಪು ಸುತ್ತಿದರು. "ಒಂದು ಡಬ್ಬಿ ನೆರಳಲ್ಲಿರಲಿ. ಇನ್ನೊಂದು ನಿಮ್ಮ ಗುಂಡಿಗೆ, ಅದೇ ರಾಗಿ, ಅದೇ ಆಳ, ನಾಲ್ಕು ದಿನ. ಬಿಸಿ ಎಷ್ಟು ತಿನ್ನುತ್ತೆ ಅಂತ ಗೊತ್ತಾದರೆ, ತಿಂದದ್ದನ್ನ ಲೆಕ್ಕದಲ್ಲಿ ವಾಪಸ್ಸು ಕೂಡಿಸಬಹುದು. ಗೊತ್ತಾಗದಿದ್ದರೆ ಎಲ್ಲ ಬಿಸಾಕಬೇಕು."

ಇನ್ನೊಂದು ಸಲ ಹಗೇವು ಕೇಳುವ ಮುಖ ನನಗಿರಲಿಲ್ಲ. ಸಾರ್ ತಾವೇ ಬಂದು ದೊಡ್ಡಪ್ಪನ ಜಗಲಿ ಮೇಲೆ ಕೂತರು.

"ಮೊದ್ಲು ಇವ್ನು ಕೆಡ್ದಿರ್ಲಿ ಅಂತ ಮಡಗ್ದ," ಎಂದರು ದೊಡ್ಡಪ್ಪ. "ಈಗ ನೀವು ಕೆಡ್ಲಿ ಅಂತ ಮಡಗ್ತೀರ. ಅಂಗಲ್ವ ಸಾಮಿ?"

"ಹಾಗೇ. ಎಷ್ಟು ಕೆಡುತ್ತೆ ಅಂತ ನೋಡಬೇಕು."

"ನಮ್ ಅಗೇವು ಯಾನ್ನೂ ಕೆಡ್ಸಕುಲ್ಲ ಸಾಮಿ." ಸ್ವಲ್ಪ ಹೊತ್ತು ಎಲೆ ಅಗಿದರು. "ಆಯ್ತು, ಮಡಗಿ. ಎರಡೆರಡ್ಸಲ ಒಣಗಸಕ್ಕ ನಮ್ಮೆಂಗಸ್ರು ಬೈತರ. ಮೂರ್ನೇ ಸಲಕ್ಕ ನಿಮ್ ಮ್ಯಾನೇಜರ್ರೇ ಒಣಗಿಸ್ಲಿ."

ಭಾನುವಾರ ಬಿಸಿ ರಾಗಿ ತುಂಬಿದೆವು. ಸಾರ್ ಥರ್ಮಾಮೀಟರಿಗೆ ನೂಲು ಕಟ್ಟಿ ಡಬ್ಬಿಯ ಜೊತೆಗೇ ಹೂಳಲು ಕೊಟ್ಟರು. ಎಷ್ಟು ಬಿಸಿಗೆ ಏರಿತ್ತು ಎಂದು ತೆಗೆದ ಮೇಲೂ ತೋರಿಸುವಂಥದ್ದು. ಆ ನಾಲ್ಕು ದಿನ ಮೊದಲ ನಾಲ್ಕಕ್ಕಿಂತ ಕೆಟ್ಟದಾಗಿದ್ದವು. ಆಗ ಪ್ಲೇಟು ಉಳಿಯಲಿ ಎಂದಷ್ಟೇ ಬೇಡುತ್ತಿದ್ದೆ. ಈಗ ಏನು ಬೇಡಬೇಕು? ಜಾಸ್ತಿ ಮಾಸಿದರೆ ಎಲ್ಲ ಹೋಯಿತು. ಸ್ವಲ್ಪವೂ ಮಾಸದಿದ್ದರೆ ಏನೋ ತಪ್ಪಾಗಿದೆ ಎಂದುಕೊಂಡು ಸಾರ್ ಅದನ್ನು ನಂಬುವುದಿಲ್ಲ. ಸ್ವಲ್ಪ ಮಾತ್ರ ಮಾಸಲಿ ಎಂದು ಬೇಡಿದೆ. ಎಷ್ಟು ಎಂದರೆ ಸ್ವಲ್ಪ ಎನ್ನುವುದೂ ಗೊತ್ತಿರಲಿಲ್ಲ.

ಬುಧವಾರ ಬಾಯಿ ತೆಗೆದೆವು, ಗುರುವಾರ ಇಳಿದೆ. ಸಾರ್ ಎಲ್ಲ ಡಬ್ಬಿಗಳನ್ನೂ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದರು. ಮತ್ತೆ ರಾಗಿ ಒಣಗಿಸಿದ್ದು ನಾನೇ.

ಎರಡು ತಿಂಗಳು ಏನೂ ಸುದ್ದಿಯಿಲ್ಲ. ಶೆಡ್ಡಿಗೆ ಬೀಗ. ಊರಲ್ಲಿ ಜನ, "ಯಾನಪ್ಪ ಮ್ಯಾನೇಜರ್ರೆ, ಆಕಾಸ್ದಲ್ಲಿ ಬೆಳ್ದಿದ್ದು ಎಷ್ಟ್ ಚೀಲ?" ಎಂದು ಕೇಳುತ್ತಿದ್ದರು. ಪೋಸ್ಟ್‌ಮ್ಯಾನ್ ಕಂಡರೆ ಸೈಕಲ್ ಹತ್ತಿ ಹಿಂದೆ ಹೋಗುತ್ತಿದ್ದೆ. ಕಡೆಗೆ ಯುಗಾದಿ ಕಳೆದ ಮೇಲೆ ಕಾಗದ ಬಂತು, ಸಾರ್ ಕನ್ನಡದಲ್ಲೇ ಬರೆದಿದ್ದರು. ಹಗೇವಿನ ಎರಡು ಪ್ಲೇಟಿನಲ್ಲೂ ಗೀಟು ಮಾಸಿದೆ, ಆದರೆ ಎರಡರಲ್ಲೂ ಒಂದೇ ಸಮ ಮಾಸಿದೆ. ಆದ್ದರಿಂದ ಲೆಕ್ಕ ಹಿಡಿಯಬಹುದು. ಹಾರಿದ ಡಬ್ಬಿಯಲ್ಲಿ ತಗಡಿಗೆ ತಾಗಿದ್ದ ಮೇಲಿನ ಪ್ಲೇಟುಗಳು ಹೋದವು. ಉಳಿದವು ಕೆಲಸಕ್ಕೆ ಬರುತ್ತವೆ. ಹೇಗೆ ಇಟ್ಟಿದ್ದೆವು ಎನ್ನುವುದನ್ನು ಮುಚ್ಚಿಡದೆ ಬರೆಯುತ್ತೇನೆ, ಅದಕ್ಕೆ ಹಗೇವಿನ ಅಳತೆ ಬೇಕು. ಬಾಯಿ ಎಷ್ಟು, ಹೊಟ್ಟೆ ಎಷ್ಟು, ಆಳ ಎಷ್ಟು, ಕೂಡಲೇ ಬರೆದು ಕಳಿಸು.

ಆ ಕಾಗದವನ್ನು ನಾಲ್ಕು ಸಲ ಓದಿದೆ. ಎಷ್ಟೋ ದಿನದ ಮೇಲೆ ಮೈ ಹಗುರಾಯಿತು. ಪೂರ್ತಿ ಅಲ್ಲ. ಹೋದ ಪ್ಲೇಟು ಹೋದವೇ.

ಹಗೇವು ಮುಚ್ಚಿತ್ತು. ಪಕ್ಕದಲ್ಲೇ ಅದೇ ಅಳತೆಗೆ ತೋಡಿಸಿದ್ದ ಖಾಲಿ ಹಗೇವಿತ್ತು. ನಾನು ಇಳಿದೆ, ದೊಡ್ಡಪ್ಪ ಮೇಲಿಂದ ಹಗ್ಗ ಹಿಡಿದರು. ಎಳೆದುಕೊಂಡ ಹಗ್ಗವನ್ನು ಮೊಳ ಹಾಕಿ ಎಣಿಸಿದರು. ನಾನು ಮೇಲೆ ಬಂದು ಪೆನ್ಸಿಲ್ ತೆಗೆದು ಎಂಟು ಮೊಳ ಎಂದು ಬರೆಯುತ್ತಿದ್ದೆ.

"ಯಾರ್ ಮೊಳ ಅಂತನೂ ಬರೀಲಾ," ಎಂದರು. "ನಿಮ್ ಸಾರ್ದು ಕಯ್ಯಿ ಗಿಡ್ಡ. ಅವ್ರು ಅವ್ರ ಮೊಳ್ದಲ್ಲಿ ಲೆಕ್ಕ ಇಡ್ದು, ಆಮ್ಯಾಕ ನಮ್ ಅಗೇವು ಸಣ್ದು ಅಂದಾರು."

ಶಾಲೆಗೆ ಹೋಗಿ ಮೇಷ್ಟರ ಹತ್ತಿರ ಅಳತೆಪಟ್ಟಿ ಕೇಳಿ ತಂದೆ. ದೊಡ್ಡಪ್ಪ ಜಗಲಿ ಮೇಲೆ ತೋಳು ಚಾಚಿ ಕೂತರು. ಮೊಣಕೈಯಿಂದ ನಡುಬೆರಳ ತುದಿವರೆಗೆ ಅಳೆದು, ಇಂಚಿನಲ್ಲಿ ಬರೆದು, ಅದನ್ನೂ ಕಾಗದಕ್ಕೆ ಸೇರಿಸಿದೆ.